"ಫುಲ್ ಹಂಪಿ" ಅಂದವರ ಆಟೋ ಹತ್ತುವ ಮುಂಚೆ ಇದನ್ನೊಮ್ಮೆ ಓದಿ

ಹೊಸಪೇಟೆ ರೈಲ್ವೆ ಸ್ಟೇಷನ್ ಹೊರಗೆ "ಫುಲ್ ಹಂಪಿ ತೋರಿಸ್ತೀನಿ" ಅಂತ ಯಾರಾದರೂ ಬ್ಯಾಗಿಗೆ ಕೈ ಹಾಕಿದರೆ, ಒಂದೊಂದೇ ಜಾಗದ ಹೆಸರು ಹಿಡಿದು ಕೇಳಿ. ವಿಜಯ ವಿಠ್ಠಲ ಇದೆಯಾ? ಕಮಲ ಮಹಲ್? ಆನೆ ಲಾಯ? ಬಾಯಲ್ಲಿ ಹೌದು ಅಂದರೆ ಸಾಲದು. ವಾಟ್ಸಾಪಲ್ಲಿ ಅವರ ನಂಬರಿಗೆ ಪಟ್ಟಿ, ರೇಟು ಎರಡೂ ಕಳಿಸಿ, ಸರಿ ಅಂತ ಉತ್ತರ ಬಂದ ಮೇಲೆ ಹತ್ತಿ. ನಾವೂ ಕೇಳಿದ್ದೆವು. "ಎಲ್ಲಾ ಐತ್ರಿ ಅಕ್ಕಾರ, ಫುಲ್ ಅಂದ್ರ ಫುಲ್" ಅಂದಿದ್ದರು.

ಆಗಸ್ಟ್ ತಿಂಗಳು. ಅಮ್ಮ, ಅಕ್ಕ, ನಾನು. ಬೆಂಗಳೂರಿನಿಂದ ರಾತ್ರಿ ರೈಲು. ಬೆಳಿಗ್ಗೆ ಏಳರ ಹೊತ್ತಿಗೆ ಇಳಿಯಬೇಕಿದ್ದವರು ಇಳಿದದ್ದು ಒಂಬತ್ತೂವರೆಗೆ. ಸಂಜೆವರೆಗೆ ಸುತ್ತಿಸಲು ಸಾವಿರದ ಐನೂರು ಅಂತ ಮಾತಾಯಿತು. ಅಮ್ಮನಿಗೆ ಮಂಡಿನೋವು, ಹಾಗಾಗಿ ಒಂದೇ ಗಾಡಿ ಇರಲಿ ಅಂತ ಒಪ್ಪಿಕೊಂಡೆವು.

ಮೊದಮೊದಲು ಎಲ್ಲ ಚೆನ್ನಾಗೇ ಇತ್ತು. ಕಡಲೆಕಾಳು ಗಣಪ, ಹೇಮಕೂಟ, ಆಮೇಲೆ ವಿರೂಪಾಕ್ಷ. ಆದರೆ ಪ್ರತಿ ಕಡೆ "ಹತ್ತು ನಿಮಿಷ ಅಷ್ಟೇ ರೀ" ಅನ್ನುವ ರಾಗ. ವಿರೂಪಾಕ್ಷ ದೇವಸ್ಥಾನ ಹತ್ತು ನಿಮಿಷದ ಜಾಗವಾ? ಹಿಂಬದಿಯ ಕತ್ತಲೆ ಕೋಣೆಯಲ್ಲಿ ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ರಾಜಗೋಪುರದ ನೆರಳು ಎದುರಿನ ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಅದನ್ನು ಕಣ್ಣಿಗೆ ಹೊಂದಿಸಿಕೊಳ್ಳೋಕೇ ಐದು ನಿಮಿಷ ಬೇಕು. ನಾವು ಅಲ್ಲಿದ್ದಾಗ ಫೋನ್ ಬಂತು, ಹೊರಗಿನಿಂದ, ಇದೇ ಡ್ರೈವರದ್ದು.

ಆಮೇಲೆ ಉಗ್ರ ನರಸಿಂಹ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು, 6.7 ಮೀಟರ್ ಎತ್ತರ. ಪಕ್ಕದಲ್ಲೇ ನೀರಲ್ಲಿ ನಿಂತ ಬಡವಿ ಲಿಂಗ. ಅಲ್ಲಿಂದ ಸೀದಾ ಒಂದು ಅಂಗಡಿಗೆ. ಕಲ್ಲಿನ ಆನೆ, ಕಲ್ಲಿನ ರಥ, ಕೀಚೈನು. ಸುಮ್ನೆ ನೋಡಿ ಬನ್ನಿ ಅಂದರು. ಏನೂ ಕೊಳ್ಳದೆ ಬಂದೆವು. ಅಲ್ಲಿಂದ ಮಾತಿನ ಧಾಟಿಯೇ ಬದಲಾಯಿತು.

ಮಧ್ಯಾಹ್ನ ಒಂದು ಗಂಟೆಗೆ, "ಮುಗೀತ್ರಿ, ಇನ್ನ ಸ್ಟೇಷನ್ನಿಗೆ ಬಿಡ್ತೀನಿ" ಅಂದರು. ವಿಠ್ಠಲ ಎಲ್ಲಿ ಅಂದೆ. "ಅದು ಬಂದ್ ಐತ್ರಿ. ಡ್ಯಾಮಿಂದ ನೀರ ಬಿಟ್ಟಾರ, ನದಿ ತುಂಬೈತಿ."

ನೀವು ಎಚ್ಚರ ಇರಬೇಕಾದ ಜಾಗ ಇದೇ. ಯಾಕೆಂದರೆ ಇದು ಅರ್ಧ ನಿಜ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮ್ ತುಂಬಿದಾಗ ಗೇಟು ಎತ್ತುತ್ತಾರೆ. ಹಂಪಿ ಇರೋದು ಅದರ ಕೆಳಗಡೆ, ನದಿ ದಡದಲ್ಲಿ. ನೀರು ಜಾಸ್ತಿ ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲುತ್ತದೆ, ನದಿ ಪಕ್ಕದ ಕಾಲುದಾರಿಗೂ ತೊಂದರೆ. ಟಿವಿಯಲ್ಲಿ ಪ್ರತಿ ವರ್ಷ ಆ ಮಂಟಪ ಮುಳುಗಿದ್ದನ್ನು ತೋರಿಸುವುದರಿಂದ ನಾವೂ ಕೂಡಲೇ ನಂಬಿಬಿಡುತ್ತೇವೆ. ಆದರೆ ವಿಠ್ಠಲ ದೇವಸ್ಥಾನ ಮೇಲ್ಗಡೆ ಇದೆ. ಗಾಡಿ ಹೋಗುವ ರಸ್ತೆ ಕಮಲಾಪುರದ ಕಡೆಯಿಂದ ಬರುತ್ತದೆ. ಅವತ್ತು ಅಲ್ಲಿಗೆ ಹೋಗೋಕೆ ನದಿಯಿಂದ ಯಾವ ಅಡ್ಡಿಯೂ ಇರಲಿಲ್ಲ.

ಅಕ್ಕ ಪಕ್ಕದ ಎಳನೀರಿನವರನ್ನು ಕೇಳಿದಳು. "ಬಂದ್ ಇಲ್ಲ ಬಿಡ್ರಿ, ಬೆಳಿಗ್ಗಿಂದ ಮಂದಿ ಹೊಂಟಾರ" ಅಂದರು. ಆಗ ನಮ್ಮ ಡ್ರೈವರ್ ಹೊಸ ರಾಗ ತೆಗೆದರು. "ಅದು ಬ್ಯಾರೆ ರೂಟ್ ರೀ, ಬ್ಯಾರೆ ರೊಕ್ಕ ಆಗ್ತದ. ಎಂಟುನೂರು."

ಬೇರೆ ರೂಟ್ ಅನ್ನೋದು ಸುಳ್ಳಲ್ಲ. ವಿರೂಪಾಕ್ಷದಿಂದ ವಿಠ್ಠಲಕ್ಕೆ ನದಿ ಪಕ್ಕ ನಡೆದರೆ ಸುಮಾರು ಎರಡು ಕಿಲೋಮೀಟರ್. ಗಾಡಿಯಲ್ಲಿ ಕಮಲಾಪುರ ಸುತ್ತಿಕೊಂಡೇ ಹೋಗಬೇಕು. ಮ್ಯಾಪ್ ನೋಡಿದರೆ ಪಕ್ಕದಲ್ಲೇ ಇದೆ ಅನಿಸುತ್ತದೆ, ಈ ಗೊಂದಲದಿಂದಲೇ ದುಡ್ಡು ಮಾಡುವುದು. ಆದರೆ ಆ ಸುತ್ತನ್ನೂ ಸೇರಿಸಿಯೇ ತಾನೇ ಬೆಳಿಗ್ಗೆ ಫುಲ್ ಅಂದಿದ್ದು?

ಜಗಳ ಬೇಡ ಅಂತ ಅಮ್ಮ. "ಹಂಪಿ ಪೊಲೀಸ್ ಠಾಣೆ ಹತ್ತಿರದಲ್ಲೇ ಇದೆಯಲ್ಲ, ಅಲ್ಲಿಗೆ ಬಿಡಿ, ಅಲ್ಲೇ ಲೆಕ್ಕ ಮಾಡೋಣ" ಅಂತ ಅಕ್ಕ. ಅಷ್ಟೇ ಸಾಕಾಯಿತು. ಸಾವಿರ ಇಸಕೊಂಡು, ನಮ್ಮ ಬ್ಯಾಗುಗಳನ್ನು ರಸ್ತೆ ಬದಿಗಿಟ್ಟು, ಗಾಡಿ ತಿರುಗಿಸಿಕೊಂಡು ಹೋದರು. ಬಿಸಿಲಲ್ಲಿ ಮೂರು ಜನ ನಿಂತೆವು.

ಅರ್ಧ ಗಂಟೆಯಲ್ಲಿ ಕಮಲಾಪುರದ ಕಡೆ ಹೋಗುವ ಸರ್ಕಾರಿ ಬಸ್ ಬಂತು. ಕೈ ತೋರಿಸಿದೆವು, ನಿಲ್ಲಿಸಿದರು. ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರು ಟಿಕೆಟ್ಟಿಗೆ ಹಣ ಕೊಡಬೇಕಿಲ್ಲ, ಆಧಾರ್ ತೋರಿಸಿದರೆ ಸಾಕು. ಹೊಸಪೇಟೆಯಿಂದ ಹಂಪಿಗೂ ಇಂಥವೇ ಬಸ್ಸುಗಳು ದಿನವಿಡೀ ಓಡಾಡುತ್ತವೆ. ಇರೋದು ಹದಿಮೂರು ಕಿಲೋಮೀಟರ್.

ಕಮಲಾಪುರದಲ್ಲಿ ಸಿಕ್ಕ ಆಟೋದವರು ರೇಟು ಹೇಳಿದರು, ಹೇಳಿದಷ್ಟೇ ತಗೊಂಡರು, ಗೆಜ್ಜಲ ಮಂಟಪದ ಹತ್ತಿರ ಬಿಟ್ಟರು. ಎಲ್ಲರೂ ಒಂದೇ ಥರ ಅಂತ ನಾನು ಹೇಳುತ್ತಿಲ್ಲ. ಅಲ್ಲಿಂದ ಮುಂದೆ ಯಾವ ಆಟೋವೂ ಹೋಗಲ್ಲ. ಸುಮಾರು ಒಂದು ಕಿಲೋಮೀಟರ್ ನಡೆಯಬೇಕು, ಇಲ್ಲಾ ಬ್ಯಾಟರಿ ಗಾಡಿಗೆ ಕಾಯಬೇಕು. ರಜಾ ದಿನ ಆದ್ದರಿಂದ ಕ್ಯೂ ಬಾಲ ಉದ್ದ ಇತ್ತು. ವಿಠ್ಠಲದ ಬಾಗಿಲಿಗೆ ಕಾಲಿಟ್ಟಾಗ ನಾಲ್ಕು ಗಂಟೆ.

ಆದರೂ ಆ ಒಂದು ಗಂಟೆಗೆ ಬೆಲೆ ಕಟ್ಟೋಕಾಗಲ್ಲ. ಐವತ್ತು ರೂಪಾಯಿ ನೋಟಿನ ಹಿಂದೆ ಇರುವ ಕಲ್ಲಿನ ರಥವನ್ನು ಅಮ್ಮ ಸುತ್ತು ಹೊಡೆದು ನೋಡಿದರು. "ಒಂದೇ ಕಲ್ಲಲ್ಲಿ ಮಾಡಿದ್ದು" ಅಂತ ಬೆಳಿಗ್ಗೆ ಡ್ರೈವರ್ ಹೇಳಿದ್ದರು. ಅದೂ ತಪ್ಪು. ಹತ್ತಿರ ಹೋದರೆ ಚಪ್ಪಡಿ ಜೋಡಿಸಿದ ಗೆರೆಗಳು ಕಾಣುತ್ತವೆ. ಕುಸುರಿ ಕೆಲಸದೊಳಗೆ ಬೇಕಂತಲೇ ಮುಚ್ಚಿಟ್ಟಿದ್ದಾರೆ ಅಷ್ಟೇ. ಅದು ಗರುಡನ ಗುಡಿ, ರಥದ ಆಕಾರದಲ್ಲಿ ಕಟ್ಟಿದ್ದು. ಸಂಗೀತದ ಕಂಬಗಳನ್ನು ಮಾತ್ರ ಮುಟ್ಟೋಕೆ ಬಿಡಲ್ಲ. ಬಿಡದೇ ಇರೋದೇ ಸರಿ.

ಹೋದದ್ದು ಏನು ಅಂದರೆ ವಿಠ್ಠಲದಲ್ಲಿ ತಗೊಂಡ ಟಿಕೆಟ್. ಭಾರತೀಯರಿಗೆ ನಲವತ್ತು ರೂಪಾಯಿ. ಅದೇ ಟಿಕೆಟ್ಟಿನಲ್ಲಿ ಅದೇ ದಿನ ಕಮಲ ಮಹಲ್, ಆನೆ ಲಾಯ ಇರುವ ಆವರಣವನ್ನೂ, ಕಮಲಾಪುರದ ಮ್ಯೂಸಿಯಮ್ಮನ್ನೂ ನೋಡಬಹುದು. ವಾಪಸ್ ಬರುವ ಬ್ಯಾಟರಿ ಗಾಡಿಗೂ ಕ್ಯೂ ನಿಂತು ಕಮಲ ಮಹಲ್ ಗೇಟಿಗೆ ಬಂದಾಗ ಕಾವಲಿನವರು ಬೀಗ ಹಾಕುತ್ತಿದ್ದರು. ಮಹಾನವಮಿ ದಿಬ್ಬ ಕೂಡ ಬಿಟ್ಟುಹೋಯಿತು.

ಹಾಗಾಗಿ, ರೈಲು ತಡ ಆದರೆ ಟಿಕೆಟ್ ಇರುವ ಜಾಗಗಳನ್ನು ಮೊದಲು ಮುಗಿಸಿ: ವಿಠ್ಠಲ, ಆಮೇಲೆ ಕಮಲ ಮಹಲ್ ಕಡೆ. ಹೇಮಕೂಟ, ವಿರೂಪಾಕ್ಷ ಸಂಜೆಗೂ ಸಿಗುತ್ತವೆ, ಅಲ್ಲಿ ಸೂರ್ಯ ಮುಳುಗೋದು ನೋಡೋಕೆ ಜನ ಕಾಯುತ್ತಾರೆ. ಶುಕ್ರವಾರ ಹೋಗುವವರಿಗೆ ಮ್ಯೂಸಿಯಂ ರಜೆ. ಯಾವುದೋ ಜಾಗ ಬಂದ್ ಅಂತ ಗಾಡಿಯವರು ಹೇಳಿದರೆ, ಅವರಲ್ಲದ ಇನ್ನೊಬ್ಬರನ್ನು ಕೇಳಿ: ಎಳನೀರಿನವರು, ಬಸ್ ಕಂಡಕ್ಟರ್, ಯಾರಾದರೂ ಸರಿ. ಹಣವನ್ನು ಕೊನೆಯ ಜಾಗ ನೋಡಿದ ಮೇಲೆ ಕೊಡಿ. ಬ್ಯಾಗುಗಳನ್ನು ಗಾಡಿಯಲ್ಲಿ ಬಿಟ್ಟು ಇಳಿಯಬೇಡಿ. ಹತ್ತುವ ಮುಂಚೆ ನಂಬರ್ ಪ್ಲೇಟಿನ ಫೋಟೋ ತೆಗೆಯಿರಿ, ಕದ್ದು ಅಲ್ಲ, ಅವರು ನೋಡುತ್ತಿರುವಾಗಲೇ.