ಪಕ್ಕದ ಗುಂಡಿಯ ಕಾಟ ಮತ್ತು ಪರಿಹಾರ: ಹಳೆಯ ಪಾಕೆಟ್ ಪಿಸಿಯೊಂದರ ದೀರ್ಘಕಾಲದ ಬಳಕೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಲೆಕ್ಕಕ್ಕೆ ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ವಿಂಡೋಸ್ ಮೊಬೈಲ್ 2003 ಕಾರ್ಯಾಚರಣ ವ್ಯವಸ್ಥೆ ಇರುವ, ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಒಂದು ಪಾಕೆಟ್ ಪಿಸಿ, ಅಂದರೆ ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್. ಇಂಟೆಲ್ ಪಿಎಕ್ಸ್‌ಎ255 ಪ್ರೊಸೆಸರ್, 64 ಎಂಬಿ ರ‍್ಯಾಮ್, 240×320 ಚುಕ್ಕೆಗಳ ಸ್ಪರ್ಶಪರದೆ, ಒಂದು ಎಸ್‌ಡಿ ಕಾರ್ಡಿನ ಕಿಂಡಿ: ಇಷ್ಟೇ ಅದರ ಬಂಡವಾಳ. ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ನಾನು ಹೇಳಹೊರಟಿರುವ ತೊಂದರೆಗೆ ಕಾರಣವಾದ ವ್ಯವಸ್ಥೆ ಆ ಕಾಲದ ಅನೇಕ ಪಾಕೆಟ್ ಪಿಸಿಗಳಲ್ಲಿ ಇದ್ದದ್ದೇ. ಸಾಧನದ ಎಡಬದಿಯಲ್ಲಿ ಧ್ವನಿಮುದ್ರಣಕ್ಕೆಂದು ಒಂದು ಗುಂಡಿ ಇದೆ. ಅದನ್ನು ಒತ್ತಿ ಹಿಡಿದರೆ, ಸಾಧನ ಆರಿದ್ದರೂ ಎಚ್ಚರಗೊಂಡು, ಬೆರಳು ತೆಗೆಯುವವರೆಗೂ ಸುತ್ತಲಿನ ಸದ್ದನ್ನು ದಾಖಲಿಸುತ್ತದೆ. ವರದಿಗಾರರಿಗೋ ವೈದ್ಯರಿಗೋ ಇದು ಅನುಕೂಲವಾಗಿದ್ದಿರಬಹುದು. ಚೀಲದಲ್ಲಿ ಲೆಕ್ಕದ ಪುಸ್ತಕ, ನೀರಿನ ಬಾಟಲಿ, ಕೊಡೆ ಇವುಗಳ ನಡುವೆ ಸಾಧನವನ್ನು ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡುವವರಿಗೆ ಮಾತ್ರ ಇದು ಬೇಡದ ಸೌಲಭ್ಯ.

ಬೇಡದ್ದಾದರೆ ಉಪಯೋಗಿಸದೆ ಇದ್ದರಾಯಿತು ಎಂದು ಬಿಟ್ಟುಬಿಡುವಂತಿಲ್ಲ. ಈ ಸಾಧನದಲ್ಲಿ ನಾವು ಬರೆದ ಲೆಕ್ಕ, ವಿಳಾಸ, ಟಿಪ್ಪಣಿಗಳೆಲ್ಲ ಉಳಿಯುವುದು ರ‍್ಯಾಮ್‌ನಲ್ಲಿ, ಮತ್ತು ರ‍್ಯಾಮ್‌ಗೆ ಸದಾ ವಿದ್ಯುತ್ ಬೇಕು. ನಾವು ‘ಆರಿಸಿದಾಗ’ ಪ್ರೊಸೆಸರ್ ಮಲಗುತ್ತದೆಯೇ ಹೊರತು ಬ್ಯಾಟರಿಯ ಸಣ್ಣದೊಂದು ಹರಿವು ರ‍್ಯಾಮ್ ಅನ್ನು ಜೀವಂತವಾಗಿ ಇಟ್ಟಿರುತ್ತದೆ. ಬ್ಯಾಟರಿ ಪೂರ್ತಿ ಬರಿದಾದರೆ ಸಾಧನ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತದೆ. ವಿದ್ಯುತ್ ಹೋದರೂ ದತ್ತಾಂಶ ಉಳಿಸಿಕೊಳ್ಳುವ ವ್ಯವಸ್ಥೆ ಬಂದದ್ದು 2005ರ ವಿಂಡೋಸ್ ಮೊಬೈಲ್ 5ರೊಂದಿಗೆ. ಹೀಗಿರುವಾಗ ಚೀಲದೊಳಗೆ ತಾನಾಗಿ ಎಚ್ಚರಗೊಂಡು, ಪರದೆ ಬೆಳಗಿಸಿಕೊಂಡು, ಬ್ಯಾಟರಿ ಸುಡುವ ಗುಂಡಿಯೊಂದು ಇಡೀ ಕೊಯ್ಲಿನ ಲೆಕ್ಕವನ್ನೇ ಅಳಿಸಿಹಾಕಬಲ್ಲದು. ನಮ್ಮಲ್ಲಿ ಆದದ್ದೂ ಅದೇ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮಲೆನಾಡಿನ ಒಂಟಿ ಮನೆಗಳಿಗೆ ಕರೆಂಟು ಮರಳಲು ದಿನಗಳೇ ಬೇಕಾಗುತ್ತವೆ. ಅಂಥ ಒಂದು ವಾರದಲ್ಲಿ, ಅರ್ಧ ತುಂಬಿದೆ ಎಂದುಕೊಂಡಿದ್ದ ಬ್ಯಾಟರಿ ಬರಿದಾಗಿ, ಅಡಿಕೆ ಕೊನೆ (ಗೊನೆ) ತೆಗೆದವರ ಕೂಲಿ, ಹಸಿ ಅಡಿಕೆಯ ತೂಕ, ಬೋರ್ಡೋ ಔಷಧಿ ಸಿಂಪಡಣೆಯ ಖರ್ಚು ಎಲ್ಲವೂ ಹೋದವು. ಮಂಡಿಯಿಂದ ಬಂದ ಪಟ್ಟಿಗಳನ್ನು ನೋಡಿ ಮಾರಾಟದ ಲೆಕ್ಕವನ್ನು ಮತ್ತೆ ಕಟ್ಟಬಹುದಾಗಿತ್ತು. ಕೂಲಿಯ ಲೆಕ್ಕಕ್ಕೆ ಅಂಥ ಆಧಾರವಿರಲಿಲ್ಲ, ಕೆಲಸಕ್ಕೆ ಬಂದವರನ್ನೇ ಕೇಳಿ ಬರೆದುಕೊಳ್ಳಬೇಕಾಯಿತು.

ಕಾರಣ ಪಕ್ಕದ ಗುಂಡಿಯೇ ಎಂದು ಗೊತ್ತಾದದ್ದು ಆಮೇಲೆ, ಕಡತಗಳ ಪಟ್ಟಿಯಿಂದ. ‘ಮೈ ಡಾಕ್ಯುಮೆಂಟ್ಸ್’ ತೆರೆದು ನೋಡಿದರೆ ‘ರೆಕಾರ್ಡಿಂಗ್1’, ‘ರೆಕಾರ್ಡಿಂಗ್2’ ಎಂಬ ಹೆಸರಿನ ಧ್ವನಿ ಕಡತಗಳು ಒಂದರ ಹಿಂದೊಂದು ಸೇರಿಕೊಂಡಿದ್ದವು. ಪ್ರತಿ ಕಡತಕ್ಕೂ ಸಮಯದ ಮುದ್ರೆ ಇರುತ್ತದೆ. ಆ ಸಮಯಗಳು ನಾನು ಶಿವಮೊಗ್ಗಕ್ಕೆ ಹೋಗಿಬರುವ ಬಸ್ಸಿನ ಹೊತ್ತಿಗೆ ಸರಿಯಾಗಿ ಕೂಡುತ್ತಿದ್ದವು, ಮತ್ತು ಕೇಳಿದರೆ ಬಸ್ಸಿನ ಇಂಜಿನ್ನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಇದೇ ತೊಂದರೆಯ ಅನುಮಾನ ಇರುವವರು ಮೊದಲು ನೋಡಬೇಕಾದದ್ದು ಈ ಕಡತಗಳನ್ನೇ. ಕಡತದ ಗಾತ್ರವೂ ಸುಳಿವು ಕೊಡುತ್ತದೆ: ಸೆಕೆಂಡಿಗೆ 8,000 ಮಾದರಿ, 16 ಬಿಟ್, ಒಂದೇ ವಾಹಿನಿಯ ಸಾದಾ ಮುದ್ರಣವಾದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ ತುಂಬುತ್ತದೆ. ಹಾಗಾಗಿ ಹತ್ತು ಎಂಬಿಯ ಕಡತವೆಂದರೆ ಗುಂಡಿ ಸುಮಾರು ಹತ್ತು ನಿಮಿಷ ಒತ್ತಿಕೊಂಡೇ ಇತ್ತು ಎಂದು ತಿಳಿಯಬಹುದು. ಒಟ್ಟು 64 ಎಂಬಿಯನ್ನು ಕಡತಗಳೂ ಪ್ರೋಗ್ರಾಂಗಳೂ ಹಂಚಿಕೊಳ್ಳುವ ಸಾಧನದಲ್ಲಿ ಇದು ಬ್ಯಾಟರಿಯ ಜೊತೆಗೆ ಜಾಗವನ್ನೂ ತಿನ್ನುತ್ತದೆ.

ಪರಿಹಾರ ಹುಡುಕುವಾಗ ಎಲ್ಲರ ಕೈ ಮೊದಲು ಹೋಗುವುದು ಗುಂಡಿಗಳಿಗೆ ಕೆಲಸ ಹಂಚುವ ಪುಟಕ್ಕೆ. ‘ಸ್ಟಾರ್ಟ್’ ಒತ್ತಿ, ‘ಸೆಟ್ಟಿಂಗ್ಸ್’ಗೆ ಹೋಗಿ, ‘ಪರ್ಸನಲ್’ ವಿಭಾಗದ ‘ಬಟನ್ಸ್’ ತೆರೆದರೆ ಒಂದೊಂದು ಗುಂಡಿಗೂ ಒಂದೊಂದು ಪ್ರೋಗ್ರಾಂ ನಿಗದಿಪಡಿಸಬಹುದು, ಇಲ್ಲವೇ ‘ನನ್’ ಎಂದು ಆರಿಸಿ ಯಾವ ಕೆಲಸವೂ ಇಲ್ಲದಂತೆ ಮಾಡಬಹುದು. ಹಾಗೆ ಮಾಡಿದ ಮೇಲೆ ನಮ್ಮ ಸಾಧನದಲ್ಲಿ ಧ್ವನಿ ಕಡತಗಳು ಹುಟ್ಟುವುದು ನಿಂತಿತು, ಆದರೆ ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. ಈ ಇಡೀ ವಿಮರ್ಶೆಯಲ್ಲಿ ಓದುಗರು ಗಮನವಿಟ್ಟು ನೋಡಬೇಕಾದ ಸಂಗತಿ ಇದೇ. ಗುಂಡಿ ಯಾವ ಪ್ರೋಗ್ರಾಂ ತೆರೆಯಬೇಕು ಎಂಬುದು ಒಂದು ವಿಷಯ, ಗುಂಡಿ ಸಾಧನವನ್ನು ಎಬ್ಬಿಸಬಹುದೇ ಎಂಬುದು ಬೇರೆಯೇ ವಿಷಯ. ಮೊದಲನೆಯದನ್ನು ನಿರ್ಧರಿಸುವುದು ಎಚ್ಚರವಾಗಿರುವ ಕಾರ್ಯಾಚರಣ ವ್ಯವಸ್ಥೆ. ಎರಡನೆಯದು ನಿರ್ಧಾರವಾಗುವುದು ಅದು ಏಳುವುದಕ್ಕೂ ಮುಂಚೆ, ಪ್ರೊಸೆಸರ್‌ನ ಮಟ್ಟದಲ್ಲಿ: ಪಿಎಕ್ಸ್‌ಎ255ರಲ್ಲಿ ಯಾವ ಯಾವ ತಂತಿಯಲ್ಲಿ ಸಂಕೇತ ಬಂದರೆ ನಿದ್ದೆಯಿಂದ ಏಳಬೇಕು ಎಂದು ಗುರುತು ಹಾಕಿಡುವ ಪ್ರತ್ಯೇಕ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಸ್ಮರಣಕೋಶ) ಇದೆ, ಅದನ್ನು ಹೇಗೆ ತುಂಬಬೇಕು ಎಂಬುದು ತಯಾರಕರು ಬರೆದ ತಂತ್ರಾಂಶಕ್ಕೆ ಬಿಟ್ಟದ್ದು. ಕೆಲಸವಿಲ್ಲದ ಗುಂಡಿ ಒತ್ತಿದರೂ ಸಾಧನ ಏಳುತ್ತಿತ್ತು, ಮಾಡಲು ಏನೂ ಕಾಣದೆ ಪರದೆ ಬೆಳಗಿಸಿಕೊಂಡು ಕುಳಿತಿರುತ್ತಿತ್ತು, ತಾನಾಗಿ ಆರುವ ಅವಧಿ ಮುಗಿದ ಮೇಲೆ ಮಲಗುತ್ತಿತ್ತು, ಬಸ್ಸಿನ ಮುಂದಿನ ಕುಲುಕಾಟಕ್ಕೆ ಮತ್ತೆ ಏಳುತ್ತಿತ್ತು. ಮೊದಲಾದರೆ ಕಡತಗಳಾದರೂ ಸಾಕ್ಷಿಗೆ ಇರುತ್ತಿದ್ದವು, ಈಗ ಅದೂ ಇಲ್ಲ.

ನಿಜವಾದ ಬೀಗ ಇರುವುದು ಅದೇ ‘ಬಟನ್ಸ್’ ಪುಟದ ‘ಲಾಕ್’ ಎಂಬ ಇನ್ನೊಂದು ಹಾಳೆಯಲ್ಲಿ. ವಿದ್ಯುತ್ ಗುಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಗುಂಡಿಗಳನ್ನು ಆರಿದ ಸ್ಥಿತಿಯಲ್ಲಿ ನಿಷ್ಕ್ರಿಯಗೊಳಿಸುವ ಆಯ್ಕೆ ಅಲ್ಲಿದೆ. ಅದಕ್ಕೆ ಗುರುತು ಹಾಕಿದ ಮೇಲೆ ಸಾಧನವನ್ನು ಆರಿಸಿ, ಪಕ್ಕದ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಪರದೆ ಬೆಳಗುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕು. ಆಯ್ಕೆ ಇದೆ ಎಂದ ಮಾತ್ರಕ್ಕೆ ಎಲ್ಲ ಮಾದರಿಗಳಲ್ಲೂ ಅದು ಒಂದೇ ರೀತಿ ನಡೆಯುತ್ತದೆ ಎಂದು ನಂಬುವಂತಿಲ್ಲ. ಇದರಿಂದ ಕಳೆದುಕೊಳ್ಳುವುದು ಒಂದೇ: ವಿಳಾಸದ ಗುಂಡಿ, ದಿನಚರಿಯ ಗುಂಡಿ ಒತ್ತಿ ನೇರವಾಗಿ ಆ ಪುಟಕ್ಕೆ ಏಳುವ ಸೌಕರ್ಯ ಹೋಗುತ್ತದೆ. ಆ ಬೆಲೆ ನನಗೆ ಏನೇನೂ ಹೆಚ್ಚೆನಿಸಲಿಲ್ಲ. ದತ್ತಾಂಶ ಅಳಿಸುವ ಹಾರ್ಡ್ ರೀಸೆಟ್ ಆದರೆ ಈ ಬೀಗವೂ ಹೋಗುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟು, ಲೆಕ್ಕ ತುಂಬುವ ಮೊದಲೇ ಅದನ್ನು ಮತ್ತೆ ಹಾಕಬೇಕು.

ತಂತ್ರಾಂಶದ ಬೀಗಕ್ಕೆ ಎಟುಕದ ಭಾಗವೊಂದಿದೆ. ಆಷಾಢ ಶ್ರಾವಣದ ತೇವಕ್ಕೆ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚಿಗೂ ಅದೇ ಗತಿ. ಧೂಳು ಮತ್ತು ತೇವ ಸೇರಿ ಅದರ ಕಾಲುಗಳ ನಡುವೆ ಪದರ ಕಟ್ಟಿದರೆ, ಯಾರೂ ಒತ್ತದಿದ್ದರೂ ಒತ್ತಿದಂತೆ ಸಂಕೇತ ಹೋಗಬಲ್ಲದು. ಎಚ್ಚರವಾಗಿರುವಾಗ ತಾನಾಗಿ ಧ್ವನಿಮುದ್ರಣ ಶುರುವಾದರೆ ಇದನ್ನು ಅನುಮಾನಿಸಬೇಕು. ಬ್ಯಾಟರಿ ತೆಗೆದರೆ ರ‍್ಯಾಮ್‌ನಲ್ಲಿ ಇರುವುದು ಹೋಗಬಹುದಾದ್ದರಿಂದ ಮೊದಲು ಎಲ್ಲವನ್ನೂ ಕಾರ್ಡಿಗೆ ನಕಲು ಮಾಡಿಕೊಂಡು, ಆಮೇಲೆ ಹಿಂಬದಿ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೃದುವಾದ ಕುಂಚದಿಂದ ಸ್ವಿಚ್ಚಿನ ಸುತ್ತ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಬೇಕು. ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಮಾಡುವವರ ಬಳಿ ನಾನು ಇದನ್ನು ಮಾಡಿಸಿದೆ. ಸ್ವಿಚ್ಚನ್ನೇ ಕಿತ್ತುಹಾಕೋಣ ಎಂದು ಅವರು ಹೇಳಿದಾಗ ಬೇಡವೆಂದೆ. ಸುತ್ತಲಿನ ಬಿಡಿಭಾಗಗಳು ಇಂದು ಎಲ್ಲೂ ಸಿಗುವುದಿಲ್ಲ, ಕಾವಿಗೆ ಒಂದು ಎದ್ದುಬಂದರೆ ಸಾಧನವೇ ಹೋದಂತೆ. ಬದಲಿಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಗುಂಡಿಯ ಸುತ್ತ ಚೌಕಟ್ಟಿನಂತೆ ಕತ್ತರಿಸಿ ಅಂಟಿಸಿದೆ. ಗುಂಡಿಗಿಂತ ಚೌಕಟ್ಟು ತುಸು ಎತ್ತರವಿರುವುದರಿಂದ ಪುಸ್ತಕದ ರಟ್ಟು ಅದರ ಮೇಲೆ ಕೂರುತ್ತದೆ, ಗುಂಡಿಯನ್ನು ಮುಟ್ಟುವುದಿಲ್ಲ. ಇದು ತೀರಾ ಸರಳ ಉಪಾಯವಾದರೂ ಎಚ್ಚರವಿರುವ ಸಾಧನವನ್ನೂ ಕಾಯುವುದು ಇದೊಂದೇ.

ಇಷ್ಟು ಶ್ರಮ ಈ ಹಳೆಯ ಸಾಧನಕ್ಕೆ ಏಕೆ ಎಂದು ಮನೆಯವರೂ ಕೇಳಿದ್ದಾರೆ. ಬಿಸಿಲಿನ ಬೆಳಕನ್ನೇ ಹಿಂದಕ್ಕೆ ಪ್ರತಿಫಲಿಸುವ ಇದರ ಪರದೆ ಅಂಗಳದಲ್ಲಿ ಅಡಿಕೆ ಹರವುವಾಗಲೂ ಸ್ಪಷ್ಟವಾಗಿ ಓದಲು ಸಿಗುತ್ತದೆ. ಸಿಗ್ನಲ್ ಇಲ್ಲದ ತೋಟದಲ್ಲಿ ಲೆಕ್ಕದ ಪ್ರೋಗ್ರಾಂ ಆದ ಪಾಕೆಟ್ ಎಕ್ಸೆಲ್ ಯಾವ ಅನುಮತಿಯನ್ನೂ ಕೇಳದೆ ತೆರೆಯುತ್ತದೆ. ಅಡಿಕೆ ಸುಲಿದು ಕರೆ ಹಿಡಿದ ಕೈಯಲ್ಲೂ ಕಡ್ಡಿಯಿಂದ ಬರೆಯಬಹುದು. ಕನ್ನಡ ಲಿಪಿ ಇದರಲ್ಲಿ ಸರಿಯಾಗಿ ಮೂಡುವುದಿಲ್ಲ ಎಂಬುದು ನನಗೆ ಉಳಿದಿರುವ ನಿಜವಾದ ಕೊರಗು. ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ನಮ್ಮ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ್ದರು, 2004ರಲ್ಲಿ ಅದು ಮಾರುಕಟ್ಟೆಗೂ ಬಂದಿತ್ತು. ಅದು ಹಳ್ಳಿಹಳ್ಳಿಗೆ ತಲುಪಿದ್ದರೆ ತೂಕದ ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೆವು.

ಇಂಥ ಸಾಧನ ಕೊಳ್ಳುವವರು ಎಸ್‌ಡಿ ಕಾರ್ಡಿನ ವಿಷಯದಲ್ಲೂ ಜಾಗ್ರತೆ ವಹಿಸಬೇಕು. ಎಸ್‌ಡಿಎಚ್‌ಸಿ ಎಂಬ ದೊಡ್ಡ ಕಾರ್ಡುಗಳ ಮಾನದಂಡ ಬಂದದ್ದು 2006ರಲ್ಲಿ, ಆದ್ದರಿಂದ ಈಗ ಅಂಗಡಿಯಲ್ಲಿ ಸಿಗುವ ದೊಡ್ಡ ಕಾರ್ಡುಗಳನ್ನು ಇದು ಗುರುತಿಸುವುದಿಲ್ಲ. ಹಳೆಯ ಕ್ಯಾಮೆರಾಗಳಲ್ಲಿ ಇರುತ್ತಿದ್ದ 1 ಜಿಬಿ ಅಥವಾ ಅದಕ್ಕೂ ಚಿಕ್ಕ ಕಾರ್ಡನ್ನು ಹುಡುಕಿ, ದಿನದ ಲೆಕ್ಕ ಮುಗಿದ ಕೂಡಲೇ ಅದಕ್ಕೆ ಉಳಿಸುವುದು ಕ್ಷೇಮ. ಕಾರ್ಡಿನಲ್ಲಿದ್ದದ್ದು ಬ್ಯಾಟರಿ ಬರಿದಾದರೂ ಅಳಿಯುವುದಿಲ್ಲ. ಮಾರುವವರ ಎದುರೇ ಸಾಧನವನ್ನು ಆರಿಸಿ ಪಕ್ಕದ ಗುಂಡಿ ಒತ್ತಿ ಹಿಡಿಯಿರಿ. ಪರದೆ ಬೆಳಗಿದರೆ ‘ಲಾಕ್’ ಹಾಳೆ ಇದೆಯೇ ಎಂದು ತೆರೆದು ನೋಡಿ, ಗುರುತು ಹಾಕಿ, ಮತ್ತೆ ಒತ್ತಿ ನೋಡಿ. ಆಗಲೂ ಬೆಳಗಿದರೆ ಬೇರೆ ಮಾದರಿ ಹುಡುಕುವುದೇ ಒಳ್ಳೆಯದು.