ಕೇಬಲ್ ಬಿಟ್ಟರೆ ಮನೆಗೆ ಯಾವುದು?

ಮೊದಲು ಕೇಳಬೇಕಾದ್ದು ಬೆಲೆಯಲ್ಲ: ಸಂಜೆ ರಿಮೋಟ್ ಯಾರ ಕೈಲಿರುತ್ತೆ?

ತಿಂಗಳ ಬಾಡಿಗೆಯೇ ಬೇಡ ಅನ್ನೋರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್. 2004ರಿಂದ ಇದೆ. ಡಿಶ್, ಬಾಕ್ಸ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗೀತು, ರೀಚಾರ್ಜ್ ಇಲ್ಲ. ಚಂದನ ಬರುತ್ತೆ, ಹಿಂದಿ ಚಾನೆಲ್‌ಗಳು ರಾಶಿ. ಆದರೆ ಜೀ ಕನ್ನಡ, ಕಲರ್ಸ್ ಕನ್ನಡ, ಉದಯ ಸಿಗಲ್ಲ. ಅವು ದುಡ್ಡಿನ ಚಾನೆಲ್. ನಮ್ಮಮ್ಮ ಎರಡೇ ದಿನಕ್ಕೆ ಬಾಕ್ಸನ್ನು ಅಟ್ಟಕ್ಕೆ ಹಾಕಿಸಿದ್ದು ಇದಕ್ಕೇ. ಇನ್ನೊಂದು, ಡಿಶ್ ಆಗ್ನೇಯಕ್ಕೆ ಮುಖ ಮಾಡಬೇಕು. ಆ ದಿಕ್ಕಲ್ಲಿ ತೆಂಗಿನ ಗರಿ ಅಡ್ಡ ಬಂದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ.

ಖಾಸಗಿ ಡಿಟಿಎಚ್‌ಗೂ ಕೇಬಲ್‌ಗೂ ಖರ್ಚಲ್ಲಿ ಅಂಥ ವ್ಯತ್ಯಾಸವಿಲ್ಲ. ಉಳಿಸೋ ದಾರಿ ಒಂದೇ: ಪ್ಯಾಕ್ ಬಿಟ್ಟು ಬೇಕಾದ ಚಾನೆಲ್‌ಗಳನ್ನಷ್ಟೇ ಬಿಡಿಬಿಡಿಯಾಗಿ ಆರಿಸಿ. ಜೋರು ಮಳೆಗೆ ಸಿಗ್ನಲ್ ಹೋಗುತ್ತೆ, ಮಲೆನಾಡಿನವರಿಗೆ ಹೇಳಬೇಕಿಲ್ಲ.

ಬ್ರಾಡ್‌ಬ್ಯಾಂಡ್ ಈಗಾಗಲೇ ಇದ್ದರೆ ಆ್ಯಪ್‌ಗಳೇ ಲಾಭ. ಒಂದು ತೊಡಕು: ಜೀ ಕನ್ನಡದ ಧಾರಾವಾಹಿ ಜೀ5ರಲ್ಲಿ, ಕಲರ್ಸ್‌ನದು ಜಿಯೋಹಾಟ್‌ಸ್ಟಾರ್‌ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಮೂರಕ್ಕೂ ಚಂದಾ ಕಟ್ಟಿದರೆ ಕೇಬಲ್ಲೇ ವಾಸಿ ಅನ್ನಿಸೀತು. ಪ್ರಸಾರ ಭಾರತಿ 2024ರಲ್ಲಿ ತಂದ ವೇವ್ಸ್ ಆ್ಯಪಲ್ಲಿ ಪುಕ್ಕಟೆ ನೋಡೋಕೂ ಸಾಕಷ್ಟಿದೆ. ಮೊಬೈಲ್ ಡೇಟಾ ನಂಬಿ ಟಿವಿ ನೋಡೋದು ಮಾತ್ರ ಬೇಡ. ಎಚ್‌ಡಿ ಗುಣಮಟ್ಟದಲ್ಲಿ ಒಂದು ಸಿನಿಮಾ ಮುಗಿಯೋದ್ರಲ್ಲಿ ದಿನದ 2 ಜಿಬಿ ಖಾಲಿ.

ನಮ್ಮನೇಲಿ ಈಗ ಬ್ರಾಡ್‌ಬ್ಯಾಂಡ್, ಜೊತೆಗೆ ಒಂದೇ ಆ್ಯಪ್. ಯಾವುದು ಅಂತ ಅಮ್ಮನೇ ಆರಿಸಿದ್ದು.