ಕಡಲ ದಾರಿಯೋ, ಬೆಟ್ಟದ ದಾರಿಯೋ?

ಕಾರಲ್ಲಿ ಪ್ರವಾಸ ಹೊರಟಿದ್ದೀರಾ? ಜೊತೆಗಿರುವ ಮಕ್ಕಳು ತೀರಾ ಚಿಕ್ಕವರಾ? ಹಾಗಾದರೆ ಕಡಲ ಪಕ್ಕದ ದಾರಿಯೇ ವಾಸಿ. ಸಾಮಾನ್ಯವಾಗಿ ಏರಿಳಿತ ಕಡಿಮೆ, ಬೇಜಾರಾದರೆ ನಿಲ್ಲಿಸಿ ನೀರಲ್ಲಿ ಕಾಲು ನೆನೆಸಬಹುದು. ಮರಳು ಮಾತ್ರ ವಾರ ಕಳೆದರೂ ಸೀಟಿನ ಸಂದಿಯಿಂದ ಹೋಗಲ್ಲ!

ಬೆಟ್ಟದ ಮಜಾ ಬೇರೆ, ತಯಾರಿ ಜಾಸ್ತಿ. 1,000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು. ಸ್ವೆಟರ್‌ಗಳನ್ನು ಡಿಕ್ಕಿಯ ತಳಕ್ಕೆ ತುರುಕಬೇಡಿ. ಕಿವಿ ಕಟ್ಟಿದರೆ ಆಕಳಿಸಿ, ಎಂಜಲು ನುಂಗಿ. ವಾಂತಿ ಬರುವವರು ಮೊಬೈಲ್ ಬದಿಗಿಟ್ಟು ದೂರ ನೋಡಲಿ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಕಡಿಮೆ ಗೇರ್‌ನಲ್ಲಿ ನಿಧಾನಕ್ಕೆ ಇಳಿಯಿರಿ.

ಎರಡೂ ಬೇಕಾ? ನಾನಾದರೆ ಬೆಟ್ಟ ಮೊದಲು, ಕಡಲು ಆಮೇಲೆ. ತಿರುವು ತಿರುಗಿಸಿ ಸುಸ್ತಾದ ಕೈಗೆ ಕೊನೆಗೆ ನೇರ ರಸ್ತೆ ಸಿಗಬೇಕಲ್ವಾ?